ರಾಕ್ಷಸ ಸಂವತ್ಸರದ ದೂರದರ್ಶನ

ಕೆಲವು ತಿಂಗಳುಗಳ ಹಿಂದೆ ನಮ್ಮ ಸಂಘದ ಸಭೆಯೊಂದರಲ್ಲಿ ತರುಣ ಉಪನ್ಯಾಸಕರೊಬ್ಬರು ಈ ಜಿಲ್ಲೆಯ ಜನಜೀವನದಲ್ಲಿ ಐವತ್ತು ವರುಷಗಳಿಂದೀಚೆಗೆ ಆದ ಮಾರ್ಪಾಡುಗಳನ್ನು ವಿವರಿಸುತ್ತ, ನಮ್ಮ ಹಳ್ಳಿಗಳಿಗೆ ದೂರದರ್ಶನವು ರಾಮಾಯಣದ ಧಾರಾವಾಹಿಯೊಡನೆ, ಅಂದರೆ 1987ನೆಯ ಇಸವಿಯಲ್ಲಿ ಕಾಲಿಟ್ಟಿತೆಂದು ಹೇಳಿದರು. ಸಭೆಯಲ್ಲಿದ್ದವರಾರೂ ಅದನ್ನು ಅಲ್ಲಗಳೆಯಲಿಲ್ಲ. ನಾನೂ ಸುಮ್ಮನೆ ಕುಳಿತೆನು. ಅವರ ಭಾಷಣವು ಉಳಿದೆಲ್ಲ ವಿಧದಿಂದಲೂ ಸೊಗಸಾಗಿದ್ದಿತು. ನಡುವೆ ಬಾಯಿ ಹಾಕುವದು ಸಭಾಮರ್ಯಾದೆಯೂ ಅಲ್ಲ. ಆದರೆ ಮನೆಗೆ ಬಂದ ಮೇಲೆ ಸುಮ್ಮನಿರಲಾಗಲಿಲ್ಲ. ಏಕೆಂದರೆ ಅವರು ಹೇಳಿದ ಕಾಲಕ್ಕಿಂತ 12 ವರುಷ ಮೊದಲೇ ವಿಜಾಪುರ ಜಿಲ್ಲೆಯ ಹಳ್ಳಿಗಳಲ್ಲಿ ದೂರದರ್ಶನವಿದ್ದಿತು. ಅದನ್ನು ನಾನು ಕಣ್ಣಾರೆ ಕಂಡಿರುವೆನು. ಕಂಡವರಲ್ಲಿ ಈಗ ಉಳಿದವರು ಬಹಳ ಮಂದಿಯಿಲ್ಲ. ಈ ಸಂಗತಿಯನ್ನು ಬರೆದಿಡದೆ ಹೋದರೆ ಮುಂದಿನವರು ಆ ಉಪನ್ಯಾಸಕರ ಮಾತನ್ನೇ ಇತಿಹಾಸವೆಂದು ಹಿಡಿಯುವರೆಂಬ ಭಯದಿಂದ ಈ ಲೇಖನವನ್ನು ಬರೆಯಲು ಕುಳಿತೆನು.

ಮೊದಲು ನಡೆದ ಸಂಗತಿಯನ್ನು ತಿಳಿಸಿಬಿಡುವದು ಒಳ್ಳೆಯದು. 1969ನೆಯ ಇಸವಿಯ ಸಪ್ಟೆಂಬರ 18ರಂದು ನಮ್ಮ ದೇಶದ ಅಣುಶಕ್ತಿ ಇಲಾಖೆಗೂ ಅಮೇರಿಕೆಯ ನಾಸಾ ಸಂಸ್ಥೆಗೂ ಒಂದು ಒಪ್ಪಂದವಾಯಿತು. ಅಮೇರಿಕೆಯವರು ಹಾರಿಸಲಿರುವ ಉಪಗ್ರಹವೊಂದನ್ನು ಒಂದು ವರುಷದ ಮಟ್ಟಿಗೆ ಭಾರತಕ್ಕೆ ಎರವಾಗಿ ಕೊಡತಕ್ಕದ್ದು. ಅದರ ಮುಖಾಂತರ ಹಳ್ಳಿಗಳಿಗೆ ನೇರವಾಗಿ ಚಿತ್ರವನ್ನೂ ಧ್ವನಿಯನ್ನೂ ಕಳಿಸತಕ್ಕದ್ದು. ಕಾರ್ಯಕ್ರಮಗಳೂ ಭೂಮಿಯ ಮೇಲಿನ ಯಂತ್ರಸಾಮಗ್ರಿಯೂ ನಮ್ಮವರದೇ ಆಗಿರತಕ್ಕದ್ದು. ಇದರ ಹಿಂದಿನ ಮನಸ್ಸು ವಿಕ್ರಮ ಸಾರಾಭಾಯಿಯವರದು. ಅವರು 1971ನೆಯ ದಶಂಬರ 30ರಂದು ತೀರಿಕೊಂಡರು, ಫಲವನ್ನು ಕಾಣಲಿಲ್ಲ. ಎ.ಟಿ.ಎಸ್-6 ಎಂಬ ಹೆಸರಿನ ಆ ಉಪಗ್ರಹವನ್ನು 1974ನೆಯ ಮೇ 30ರಂದು ಹಾರಿಸಿದರು. ಒಂದು ವರುಷ ಅಮೇರಿಕೆಯ ಕೆಲಸ ಮಾಡಿಸಿಕೊಂಡು, 1975ರಲ್ಲಿ ಅದನ್ನು ಪೂರ್ವ ಆಫ್ರಿಕೆಯ ನೆತ್ತಿಯ ಮೇಲಕ್ಕೆ, ವಿಷುವವೃತ್ತದ ಮೇಲೆ ಸುಮಾರು 36,000 ಕಿಲೋಮೀಟರು ಎತ್ತರಕ್ಕೆ ಸರಿಸಿ ನಿಲ್ಲಿಸಿದರು. ಭೂಮಿ ತಿರುಗಿದಂತೆ ತಾನೂ ತಿರುಗುವದರಿಂದ ಅದು ನಮ್ಮ ಪಾಲಿಗೆ ಧ್ರುವನಂತೆ ಒಂದೇ ಕಡೆಗೆ ನಿಂತಿತು.

ಆರು ರಾಜ್ಯಗಳ 20 ಜಿಲ್ಲೆಗಳಲ್ಲಿ ಸುಮಾರು 2,400 ಹಳ್ಳಿಗಳನ್ನು ಆರಿಸಿದರು. ಆಂಧ್ರ, ಬಿಹಾರ, ಮಧ್ಯಪ್ರದೇಶ, ಒರಿಸ್ಸಾ, ರಾಜಸ್ಥಾನ ಇವುಗಳೊಡನೆ ನಮ್ಮ ಕರ್ನಾಟಕ. ಕರ್ನಾಟಕದೊಳಗೆ ಆರಿಸಿದ್ದು ವಿಜಾಪುರ, ಗುಲಬರ್ಗಾ, ರಾಯಚೂರು ಎಂಬ ಮೂರು ಜಿಲ್ಲೆಗಳನ್ನು. ಹಿಂದುಳಿದ ಪ್ರದೇಶವೆಂಬದೇ ಆಯ್ಕೆಗೆ ಮುಖ್ಯ ಕಾರಣವಾಗಿದ್ದಿತು. ಹಿಂದುಳಿದದ್ದರಿಂದ ನಮಗೆ ಮೊದಲ ಪಂಕ್ತಿ ದೊರೆತ ಪ್ರಸಂಗವು ಇದೊಂದೇ ಇದ್ದೀತು. 1975ನೆಯ ಅಗಸ್ಟ 1ರಂದು, ಶುಕ್ರವಾರ, ಪ್ರಸಾರವು ಪ್ರಾರಂಭವಾಯಿತು. ಕಲಕತ್ತೆಗೆ ದೂರದರ್ಶನವು ಬಂದದ್ದು ಅದೇ ತಿಂಗಳ 9ರಂದು, ಮದ್ರಾಸಿಗೆ 15ರಂದು. ಬೆಂಗಳೂರಿಗೆ ಬಂದದ್ದು 1981ನೆಯ ನವಂಬರ 1ರಂದು. ರಾಜಧಾನಿಯವರಿಗಿಂತ ಆರು ವರುಷ ಮೊದಲು ನಮ್ಮ ದನಕಾಯುವ ಹುಡುಗರು ಇದನ್ನು ಕಂಡಿದ್ದರೆಂದು ಹೇಳಿದರೆ ಬೆಂಗಳೂರಿನ ನನ್ನ ಬೀಗರು ಈಗಲೂ ನಗುತ್ತಾರೆ.

ನಮ್ಮ ಹಳ್ಳಿಯು ಆಲಮಟ್ಟಿಯಿಂದ ಎರಡು ಹರದಾರಿ ಮೇಲೆ, ಕೃಷ್ಣೆಯ ದಂಡೆಗೆ ಇದ್ದಿತು. ಹರ್ಡೇಕರ ಮಂಜಪ್ಪನವರು ಆಶ್ರಮ ಕಟ್ಟಿಕೊಂಡಿದ್ದ ಆಲಮಟ್ಟಿಯು ಆಗ ಆಣೆಕಟ್ಟಿನ ಆಲಮಟ್ಟಿಯಾಗುತ್ತಲಿದ್ದಿತು. 1964ನೆಯ ಮೇ 22ರಂದು ಲಾಲಬಹಾದ್ದೂರ ಶಾಸ್ತ್ರಿಯವರು ಅಲ್ಲಿ ಅಡಿಗಲ್ಲನ್ನಿಟ್ಟಿದ್ದರು. ಆದುದರಿಂದ ನಮ್ಮದು ಮುಳುಗುವ ಊರೆಂಬದು ಎಲ್ಲರಿಗೂ ಗೊತ್ತಿದ್ದ ಮಾತು. ಯಾವಾಗ ಎಂಬದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಗೋಡೆಗೆ ಹೊಸ ಮಣ್ಣು ಮೆತ್ತಬೇಕೆಂದರೆ, ಮೇಲುಮುದ್ದೆ ಹಾಕಿಸಬೇಕೆಂದರೆ, ಮನೆಯ ಹಿರಿಯರು ಒಂದು ಕ್ಷಣ ತಡೆದು ಯೋಚಿಸುತ್ತಿದ್ದರು. ಇಂಥ ಊರಿಗೆ ಮುಂಗಾರಿನ ಪ್ರಾರಂಭದಲ್ಲಿ ಸರಕಾರಿ ಜೀಪು ಬಂದು, ಸಾಲೆಯ ಬಯಲಿನಲ್ಲಿ ಸಿಮೆಂಟಿನ ಕಟ್ಟೆಯೊಂದನ್ನು ಕಟ್ಟಿಸಿ, ನಾಲ್ಕು ಕಬ್ಬಿಣದ ಮೊಳೆಗಳನ್ನು ಅದರಲ್ಲಿ ನಿಲ್ಲಿಸಿ ಹೋಯಿತು. "ಮುಳುಗೂ ಊರಿಗೆ ಇದೇನ್ ಕಟ್ಟಾಕತ್ತೀರೆಪಾ?" ಎಂದು ಒಬ್ಬ ಮುದುಕನು ಕೇಳಿದ್ದು ನನಗೆ ನೆನಪಿದೆ. ಜೀಪಿನವರು ಉತ್ತರ ಕೊಡಲಿಲ್ಲ.

ಕೆಲವು ದಿನಗಳಿಗೆ ಆ ಕಟ್ಟೆಯ ಮೇಲೆ ದೊಡ್ಡದೊಂದು ಛತ್ರಿಯನ್ನು ಬೋರಲು ಮಾಡಿ ಓರೆಯಾಗಿ ನಿಲ್ಲಿಸಿದಂಥ ವಸ್ತುವು ಬಂದಿತು. ಮೂರು ಮೀಟರು ಅಗಲ, ಅಲ್ಯುಮಿನಿಯಮ್ಮಿನ ಎಲುಬು, ಅದರ ಮೇಲೆ ಕೋಳಿಗೂಡಿಗೆ ಹಾಕುವ ತಂತಿಯ ಜಾಲರಿ. ಊರ ಕೋಳಿಗಳಿಗೆಲ್ಲ ಒಂದೇ ಗೂಡು ತಂದರೆಂದು ಹುಡುಗರು ನಕ್ಕರು. ಇದರ ಮುಖವು ಪಡುವಣಕ್ಕೆ, ಸ್ವಲ್ಪ ನೈಋತ್ಯಕ್ಕೆ ವಾಲಿ, ಬಾನಿನ ಅರ್ಧಕ್ಕೆ ಸ್ವಲ್ಪ ಕೆಳಗೆ ನೋಡುತ್ತಲಿದ್ದಿತು. ಆಫ್ರಿಕೆಯ ಮೇಲೆ ನಿಂತ ಉಪಗ್ರಹವು ನಮ್ಮ ತಾಣದಿಂದ ಆ ದಿಕ್ಕಿಗೇ ಬರುವದೆಂಬದನ್ನು ನಾನು ದೊಡ್ಡವನಾದ ಮೇಲೆ ಲೆಕ್ಕ ಹಾಕಿ ತಿಳಿದುಕೊಂಡೆನು. ಆಗ ನಮ್ಮ ಅಜ್ಜಿಯು, ಇದು ಹೊತ್ತು ಮುಳುಗುವ ಕಡೆಗೆ ಕೈಮುಗಿದು ನಿಂತಿದೆಯೆಂದು ತಿಳಿದು, ಹೋಗುತ್ತ ಬರುತ್ತ ತಾನೂ ಒಂದು ನಮಸ್ಕಾರ ಮಾಡುತ್ತಿದ್ದಳು. ದೂರದರ್ಶನದ ಪೆಟ್ಟಿಗೆಯು ಹೈದರಾಬಾದಿನ ಇ.ಸಿ.ಐ.ಎಲ್. ಕಾರಖಾನೆಯಲ್ಲಿ ತಯಾರಾದದ್ದು. ಅದನ್ನು ಸಾಲೆಯ ಕೋಣೆಯೊಳಗೆ ಬೀಗ ಹಾಕಿ ಇಡುತ್ತಿದ್ದರು. ಕೀಲಿಯು ಹೆಡ್ ಮಾಸ್ತರರ ಜನಿವಾರಕ್ಕೆ ಕಟ್ಟಿರುತ್ತಿದ್ದಿತು.

ನನಗೆ ಆಗ ಹನ್ನೆರಡು ವರುಷ. ನಸುಕಿನಲ್ಲಿ ಎದ್ದು ನೆರೆಯ ಊರಿನ ಸಂಸ್ಕೃತ ಪಾಠಶಾಲೆಗೆ ಹೋಗಿ ಶಬ್ದರೂಪಗಳನ್ನೂ ಅಮರಕೋಶವನ್ನೂ ಒಪ್ಪಿಸಿ, ಹತ್ತು ಗಂಟೆಗೆ ಕನ್ನಡ ಸಾಲೆಗೆ ಬರುತ್ತಿದ್ದೆನು. ಪಾಠಶಾಲೆಯ ಗುರುಗಳಿಗೆ ಈ ವಾರ್ತೆಯನ್ನು ಮೊದಲು ಮುಟ್ಟಿಸಿದವನು ನಾನೇ. ಅವರು ಬೆರಳು ಮಡಚಿ ಎಣಿಸಿ, "ಇದು ರಾಕ್ಷಸ ಸಂವತ್ಸರ. ರಾಕ್ಷಸನಲ್ಲಿ ಮಾಯೆಯಲ್ಲದೆ ಮತ್ತೇನು ಬಂದೀತು?" ಎಂದರು. ಶಾಲಿವಾಹನ ಶಕ 1897ಕ್ಕೆ ರಾಕ್ಷಸ ಸಂವತ್ಸರವೆಂಬದು ಪಂಚಾಂಗಸಿದ್ಧವಾದ ಮಾತೇ. ಆದರೆ ಹೆಸರನ್ನು ಕೇಳಿದ ಮೇಲೆ ಅವರ ಮುಖವು ಸ್ವಲ್ಪ ಸಡಿಲವಾಯಿತು. ಭಾಗವತದ ಏಕಾದಶಸ್ಕಂಧದಲ್ಲಿ ಯೋಗಸಿದ್ಧಿಗಳನ್ನು ಎಣಿಸುವಲ್ಲಿ ದೂರದ್ದನ್ನು ಕೇಳುವ ಶಕ್ತಿಯನ್ನೂ ದೂರದ್ದನ್ನು ಕಾಣುವ ಶಕ್ತಿಯನ್ನೂ ಹೇಳಿದೆಯೆಂದೂ, ಹೆಸರಿಟ್ಟವನು ಯಾರೇ ಇರಲಿ ಓದಿಕೊಂಡವನಿರಬೇಕೆಂದೂ ಅಂದರು. ಸಂಜಯನ ಮಾತನ್ನೂ ಎತ್ತಿದರು: ಸಂಜಯನಿಗೆ ಕಣ್ಣಿದ್ದಿತು, ಅರಸನಿಗಿರಲಿಲ್ಲ, ಆದುದರಿಂದ ಕಂಡವನು ಹೇಳಬೇಕಾಯಿತು, ಎಲ್ಲರಿಗೂ ಕಣ್ಣು ಬಂದ ಮೇಲೆ ಹೇಳುವವನ ಗತಿಯೇನು? ಅಷ್ಟು ಹೇಳಿ ಪಾಠವನ್ನು ಮುಂದುವರಿಸಿದರು.

ಪ್ರಸಾರವು ದಿನಕ್ಕೆ ನಾಲ್ಕು ತಾಸು. ಬೆಳಿಗ್ಗೆ ಒಂದೂವರೆ ತಾಸು ಸಾಲೆಯ ಮಕ್ಕಳಿಗೆ, ಸಂಜೆ ಎರಡೂವರೆ ತಾಸು ದೊಡ್ಡವರಿಗೆ. ನಾಲ್ಕು ಭಾಷೆಗಳು ಇದನ್ನು ಹಂಚಿಕೊಳ್ಳಬೇಕಾಗಿದ್ದುದರಿಂದ ನಮ್ಮ ಕನ್ನಡದ ಪಾಲು ಸ್ವಲ್ಪವೇ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ, ತೆಲುಗಿನವರ ಜೊತೆಗೆ. ಉಪಗ್ರಹದಲ್ಲಿ ಒಂದು ಚಿತ್ರಕ್ಕೆ ಎರಡು ಧ್ವನಿಗಳನ್ನು ಕಳಿಸುವ ಏರ್ಪಾಡಿದ್ದಿತು. ಒಂದೇ ಮನುಷ್ಯನು ಆಂಧ್ರದಲ್ಲಿ ತೆಲುಗನ್ನೂ ನಮ್ಮಲ್ಲಿ ಕನ್ನಡವನ್ನೂ ಆಡುವನು. ಅವನ ತುಟಿಗಳು ಒಂದನ್ನು ಹೇಳುವವು, ಕಿವಿಗೆ ಮತ್ತೊಂದು ಕೇಳಿಸುವದು. ಮಕ್ಕಳ ವಿಜ್ಞಾನದ ಕಾರ್ಯಕ್ರಮಗಳನ್ನು ಮುಂಬಯಿಯಲ್ಲಿ ಸಿದ್ಧಪಡಿಸುತ್ತಿದ್ದರು. ಅವುಗಳಲ್ಲಿ ಒಂದರಲ್ಲಿ ಹುರಿ, ಕಲ್ಲು, ಮರದ ತುಂಡು ಇಷ್ಟರಿಂದಲೇ ಲೋಲಕವನ್ನು ಮಾಡಿ ತೋರಿಸಿದ್ದನ್ನು ಕಂಡು, ಆ ವಾರವೆಲ್ಲ ಊರಿನ ಬೇವಿನ ಗಿಡಗಳಿಗೆ ಕಲ್ಲು ಕಟ್ಟಿ ತೂಗಾಡಿಸಿದೆವು. ಮುಂದೆ ಮೂವತ್ತು ವರುಷಗಳಿಗೂ ಮಿಕ್ಕಿ ಮಕ್ಕಳಿಗೆ ಕಲಿಸುವಾಗ, ಸಾಮಾನಿಲ್ಲ ಎಂಬ ನೆಪವನ್ನು ನಾನು ಎಂದೂ ಹೇಳದಿದ್ದುದಕ್ಕೆ ಆ ಕಲ್ಲೇ ಕಾರಣ.

ಎಲ್ಲವೂ ಹೀಗೆ ಒಗ್ಗಿತೆಂದು ವಾಚಕರು ತಿಳಿಯಬಾರದು. ಒಂದು ಸಂಜೆ ನೆಲ್ಲಿನ ಸಸಿಯನ್ನು ಸಾಲುಗೂಡಿಸಿ ನೆಡುವ ರೀತಿಯನ್ನು ಬಹಳ ಹೊತ್ತು ತೋರಿಸಿದರು. ನಮ್ಮದು ಎರೆಯ ನೆಲ. ಬಿಳಿಜೋಳ, ಕುಸುಬೆ, ಸಜ್ಜೆಯ ಸೀಮೆ. ಆಣೆಕಟ್ಟು ಆಗುವ ಮೊದಲು ಅಲ್ಲಿ ನೆಲ್ಲಿಗೆ ನೀರೆಲ್ಲಿಯದು? "ನೀರಾಗ ನಿಂತು ಬಿತ್ತೂದು ಕಲಸಾಕತ್ಯಾರ, ನಮಗ ಕಲಸಾಕ ಬೇಕಾದ್ದು ನೀರಾಗಿಂದ ಎದ್ದ್ ಹೋಗೂದು" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಆ ನಗೆಯು ಬೇಗನೆ ನಿಂತಿತು.

ಸಂಜೆಯ ಕಾರ್ಯಕ್ರಮಗಳಲ್ಲಿ ದಿಲ್ಲಿಯಿಂದ ಎಲ್ಲ ಪ್ರಾಂತಗಳಿಗೂ ಸಮಾನವಾಗಿ ಬರುವ ಭಾಗವೊಂದಿದ್ದು, ಅದು ಹಿಂದಿಯಲ್ಲಿರುತ್ತಿದ್ದಿತು, ವಾರ್ತೆಗಳು ಅದರಲ್ಲಿಯೇ. ಊರಲ್ಲಿ ಹಿಂದಿ ತಿಳಿದವರು ಕಡಮೆ. ವಾರ್ತೆ ಓದುವವರ ಮಾತಿನಲ್ಲಿ ಸಂಸ್ಕೃತದ ಶಬ್ದಗಳು ಹೇರಳವಾಗಿದ್ದುದರಿಂದ, ಪಾಠಶಾಲೆಯ ಹುಡುಗನೆಂದು ನನ್ನನ್ನು ಮುಂದಕ್ಕೆ ಕರೆದು, ಅರ್ಥ ಹೇಳೆಂದು ಹಿರಿಯರು ಕೂಡ್ರಿಸಿದರು. ನಾನು ಸಂಜಯನಾದೆನು. ಕ್ರಿಯಾಪದಗಳು ತಿಳಿಯುತ್ತಿರಲಿಲ್ಲ; ನಾಮಪದಗಳನ್ನು ಹಿಡಿದು ಉಳಿದದ್ದನ್ನು ಕಟ್ಟಿ ಹೇಳುತ್ತಿದ್ದೆನು. 1975ನೆಯ ಜೂನ 25ರಂದು ದೇಶದಲ್ಲಿ ತುರ್ತುಪರಿಸ್ಥಿತಿಯು ಘೋಷಿತವಾಗಿದ್ದಿತೆಂಬದನ್ನು ವಾಚಕರು ಬಲ್ಲರು. ಅನುಶಾಸನ ಎಂಬ ಶಬ್ದವು ವಾರ್ತೆಗಳಲ್ಲಿ ಮೇಲಿಂದ ಮೇಲೆ ಬರುತ್ತಿದ್ದಿತು. ನಾನು ಭಾರತದ ಅನುಶಾಸನಪರ್ವವನ್ನು ನೆನೆದು, ಶರಶಯ್ಯೆಯ ಮೇಲಿನ ಭೀಷ್ಮನು ಧರ್ಮರಾಯನಿಗೆ ನೀತಿ ಹೇಳಿದಂತೆ ಪ್ರಧಾನಮಂತ್ರಿಗಳು ನಮಗೆ ನೀತಿ ಹೇಳುತ್ತಿರುವರೆಂದು ವ್ಯಾಖ್ಯಾನ ಮಾಡಿದೆನು. ತುರ್ತುಪರಿಸ್ಥಿತಿಗೆ ಹಿಂದಿಯಲ್ಲಿ ಹೇಳುವ ಶಬ್ದವು ನನ್ನ ಕಿವಿಗೆ ಆಪತ್ಕಾಲವೆಂದು ಬಿದ್ದಿತು. ದೇಶಕ್ಕೆ ಆಪತ್ತು ಬಂದಿದೆಯೆಂದೆನು. "ಯಾರಿಗೆ ಬಂದೈತಿ, ತಮ್ಮಾ?" ಎಂದು ನೇಕಾರರ ಹಿರಿಯನೊಬ್ಬನು ಕೇಳಿದನು. ನಾನು ಪರದೆಯನ್ನು ನೋಡಿದೆನು. ಅಲ್ಲಿ ಯಾರಿಗೂ ಆಪತ್ತು ಬಂದಂತೆ ಕಾಣಲಿಲ್ಲ; ಎಲ್ಲರೂ ಕಾಲುವೆಗಳನ್ನು ತೆರೆಯುತ್ತಿದ್ದರು, ಹಾರಗಳನ್ನು ಹಾಕಿಸಿಕೊಳ್ಳುತ್ತಿದ್ದರು. ಆ ಹೊತ್ತಿನಲ್ಲಿ ಸೆರೆಮನೆಗಳಲ್ಲಿದ್ದವರ ಸುದ್ದಿಯು ಆ ಪೆಟ್ಟಿಗೆಯಲ್ಲಿ ಬರಲಿಲ್ಲವೆಂಬದನ್ನು ನಾನು ತಿಳಿದದ್ದು ಎಷ್ಟೋ ಕಾಲದ ಮೇಲೆ. ಕಾಣುವದೆಲ್ಲ ನಿಜವೆಂದು ಇಡೀ ಊರು ನಂಬಿದ್ದ ಒಂದು ವರುಷದಲ್ಲಿ, ಆ ನಂಬಿಗೆಗೆ ನಾನೂ ನನ್ನ ಅರೆಬರೆ ಸಂಸ್ಕೃತದಿಂದ ಕೈಗೂಡಿಸಿದ್ದೆನೆಂಬದನ್ನು ಇಲ್ಲಿ ಒಪ್ಪಿಕೊಳ್ಳುವದು ನ್ಯಾಯ.

ಗುರುಗಳು ನೋಡಲು ಬಂದದ್ದು ಒಮ್ಮೆ ಮಾತ್ರ. ಮಾಘದ ದಿನಗಳು, ಚಳಿ ಇಳಿದಿರಲಿಲ್ಲ. ಅವರು ಕಂಬಳಿ ಹೊದ್ದು, ಜನರ ಹಿಂದೆ, ಬೇವಿನ ಬೊಡ್ಡೆಗೆ ಒರಗಿ ನಿಂತಿದ್ದರು. ಮೀನುಗಾರರನ್ನು ಕುರಿತದ್ದೇನೋ ನಡೆದಿದ್ದಿತು. ಯಾವ ಭಾಷೆಯಲ್ಲಿ ಎಂಬದು ನೆನಪಿಲ್ಲ. ಒಮ್ಮೆಲೆ ಪರದೆಯ ತುಂಬ ಸಮುದ್ರವು ಬಂದಿತು. ದಡವಿಲ್ಲ, ದೋಣಿಯಿಲ್ಲ, ಬರಿಯ ನೀರು, ಬೂದಿಬಣ್ಣದ್ದು, ಏಳುತ್ತ ಬೀಳುತ್ತ. ನಾನು ತಿರುಗಿ ಗುರುಗಳನ್ನು ನೋಡಿದೆನು. ಅವರು ಬೊಡ್ಡೆಯನ್ನು ಬಿಟ್ಟು ನೆಟ್ಟಗೆ ನಿಂತಿದ್ದರು. ಮರುದಿನ ಪಾಠದಲ್ಲಿ ಅವರು ಆ ಮಾತನ್ನೆತ್ತಲಿಲ್ಲ. ನಾಲ್ಕು ದಿನ ಕಳೆದ ಮೇಲೆ, ವಾರಿವರ್ಗವನ್ನು ಒಪ್ಪಿಸುತ್ತಿದ್ದ ಚಿಕ್ಕ ಹುಡುಗನನ್ನು ತಡೆದು, ತಮ್ಮಷ್ಟಕ್ಕೆ ತಾವೇ ಹೇಳಿದರು: ಸಾಗರ, ಅರ್ಣವ, ಉದಧಿ, ಪಾರಾವಾರ ಎಂದು ಐವತ್ತೈದು ವರುಷ ಹೇಳಿಕೊಡುತ್ತ ಬಂದೆ, ಅದು ಸಪ್ಪಳ ಮಾಡುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ.

ಇನ್ನು ಜನರು ಕೂಡುತ್ತಿದ್ದ ಬಗೆಯನ್ನು ಹೇಳಬೇಕು. ಈ ಭಾಗವನ್ನು ನಾನು ಎರಡು ಸಲ ಬರೆದಿರುವೆನು. ಮೊದಲನೆಯ ಸಲ ಬರೆದ ವಾಕ್ಯವು ಹೀಗಿದ್ದಿತು: "ಉಚ್ಚನೀಚವೆಂಬ ಭೇದವಿಲ್ಲದೆ ಇಡೀ ಊರು ಸಾಲೆಯ ಬಯಲಿನಲ್ಲಿ ಒಂದೇ ಕುಟುಂಬದಂತೆ ಕುಳಿತು ನೋಡಿತು." ಬರೆದು ಸಮಾಧಾನಪಟ್ಟೆನು. ಬಳಿಕ, ಜ್ಞಾಪಕವನ್ನು ಪರೀಕ್ಷಿಸಿಕೊಳ್ಳುವ ಸಲುವಾಗಿ, ನನ್ನ ಸಾಲೆಯ ಜೊತೆಗಾರನೊಬ್ಬನಿಗೆ ಅದನ್ನು ಓದಿ ಹೇಳಿದೆನು. ಅವನು ಊರ ಹೊರಗಿನ ಕೇರಿಯವನು. ಈಗ ಪುನರ್ವಸತಿ ಕೇಂದ್ರದಲ್ಲಿ ನಮ್ಮಿಂದ ಮೂರು ಓಣಿಯಾಚೆಗೆ ಇರುವನು. ರೇಡಿಯೋ ಟೀವಿಗಳನ್ನು ರಿಪೇರಿ ಮಾಡಿ ಮಕ್ಕಳನ್ನು ಓದಿಸಿದವನು. ಅವನು ಎಲ್ಲವನ್ನೂ ಕೇಳಿ ಸ್ವಲ್ಪ ಹೊತ್ತು ಬಿಟ್ಟು, "ಇದು ಖರೆ ಅಲ್ರೀ, ಮಾಸ್ತರ್ರ. ನಾವು ಗ್ವಾಡಿ ಹೊರಗ ನಿಂತಿದ್ವಿ" ಎಂದನು.

ನಾನು ಮೊದಲು ವಾದಿಸಿದೆನು. ಅವನು ಸಿಟ್ಟಾಗಲಿಲ್ಲ, ಒಂದೊಂದೇ ಗುರುತನ್ನು ಹೇಳುತ್ತ ಹೋದನು. ಸಾಲೆಯ ಬಯಲಿನ ಪಡುವಣಕ್ಕೆ ಮೊಣಕೈಯೆತ್ತರದ ಕಲ್ಲಿನ ಗೋಡೆಯಿದ್ದಿತು. ಕೇರಿಯ ಜನರು ಅದರ ಆಚೆಗೆ ನಿಲ್ಲುತ್ತಿದ್ದರು. ಅಲ್ಲಿಂದ ಪರದೆಯು ಓರೆಯಾಗಿ ಕಾಣುವದು. ಛತ್ರಿಯ ಕಂಬವು ನಡುವೆ ಅಡ್ಡ ಬರುವದು. ಹೆಂಗಸರು ಒಂದು ಕಡೆಗೆ, ಗಂಡಸರು ಒಂದು ಕಡೆಗೆ, ಗೌಡರ ಮನೆಯವರಿಗೆ ಜಮಖಾನೆ. ಇವನ್ನೆಲ್ಲ ನಾನು ಬಲ್ಲೆನು. ಗೋಡೆಯನ್ನು ಮಾತ್ರ ನಾನು ಮರೆತಿದ್ದೆನು. ಈಚೆಗೆ ಕುಳಿತವನಿಗೆ ಗೋಡೆಯು ಬೆನ್ನ ಹಿಂದೆ ಇರುವದು. ಅವನಿಗೆ ಅದು ಎದುರಿಗೇ ಇದ್ದಿತು.

ಆ ಗೋಡೆಯು ಒಂದು ರಾತ್ರಿ ಇಲ್ಲದಂತಾದುದನ್ನು ನಾವಿಬ್ಬರೂ ಒಪ್ಪುವೆವು. ಗಣಪತಿಯ ಹಬ್ಬ ಕಳೆದ ಮೇಲೆ ಒಂದು ಸಂಜೆ, ಕಾರ್ಯಕ್ರಮವು ಅರ್ಧಕ್ಕೆ ಬಂದಾಗ ಜೋರಾಗಿ ಮಳೆ ಹೊಡೆಯಿತು. ಹೆಡ್ ಮಾಸ್ತರರು ಪೆಟ್ಟಿಗೆಯನ್ನು ಒಳಗೆ ಒಯ್ಯಿಸಿದರು. ಇನ್ನೂ ಮುಗಿದಿರಲಿಲ್ಲವಾದ್ದರಿಂದ ಯಾರಿಗೂ ಮನೆಗೆ ಹೋಗಲು ಮನಸ್ಸಿಲ್ಲ. ಸಾಲೆಯ ಒಂದೇ ಕೋಣೆಯಲ್ಲಿ ನೂರಕ್ಕೂ ಮಿಕ್ಕಿ ಜನ, ತೊಯ್ದ ಕಂಬಳಿಯ ವಾಸನೆ, ಕಂಕುಳಲ್ಲಿ ಕೂಸುಗಳು; ಯಾರು ಯಾರಿಗೆ ತಗಲಿದರೆಂದು ನೋಡಲು ಎಡೆಯಿರಲಿಲ್ಲ. ಮುಂದಿನ ಸಾಲಿನಲ್ಲಿ ನನ್ನ ಮೊಣಕಾಲಿಗೆ ಮೊಣಕಾಲು ಹಚ್ಚಿ ಕುಳಿತವನು ಇವನೇ. ಆ ರಾತ್ರಿ ಮನೆಗೆ ಹೋದ ಮೇಲೆ ನನಗೆ ಬಾವಿಕಟ್ಟೆಯಲ್ಲಿ ತಲೆಯ ಮೇಲೆ ನೀರು ಸುರಿದರು. ಮಳೆಯಲ್ಲಿ ತೊಯ್ದು ಬಂದವನಿಗೆ ಮತ್ತೆ ಸ್ನಾನವೇಕೆಂದು ನಾನು ಕೇಳಲಿಲ್ಲ. ಮರುದಿನ ಸಂಜೆ ಎಲ್ಲರೂ ತಮ್ಮ ತಮ್ಮ ಸ್ಥಳಗಳಿಗೆ ಮರಳಿದರು. ದೊಡ್ಡವರು ಗೋಡೆಯ ಆಚೆಗೇ ನಿಂತರು. ಹುಡುಗರು ಮಾತ್ರ ನಿಲ್ಲಲಿಲ್ಲ. ಗೋಡೆ ಹಾರಿ ಬಂದು ಮುಂದೆ ಕುಳಿತರು. ಹೆಡ್ ಮಾಸ್ತರರು ನೋಡಿಯೂ ನೋಡದಂತಿದ್ದರು. ಅಷ್ಟೇ ನಡೆದದ್ದು. ಅಷ್ಟನ್ನು ಬರೆಯೆಂದು ಅವನು ಹೇಳಿದನು, ಬರೆದಿರುವೆನು. ಮೊದಲಿನ ವಾಕ್ಯವನ್ನು ಹೊಡೆದು ಹಾಕಿದೆನು.

ಒಂದು ವರುಷವೆಂಬದು ಒಪ್ಪಂದದ ಮಾತೆಂದು ಮೇಲೆ ಹೇಳಿದೆನಷ್ಟೆ. ಊರಿಗೆ ಅದನ್ನು ಯಾರಾದರೂ ತಿಳಿಸಿದ್ದರೋ ಏನೋ, ತಿಳಿಸಿದ್ದರೂ ಕಿವಿಗೆ ಹಾಕಿಕೊಂಡವರಿಲ್ಲ. 1976ನೆಯ ಜುಲೈ 31ರಂದು, ಶನಿವಾರ, ಪ್ರಯೋಗವು ಮುಗಿಯಿತು. ನಳ ಸಂವತ್ಸರದ ಶ್ರಾವಣ, ನಾಗರಪಂಚಮಿಯ ದಿನಗಳು. ನಮ್ಮ ಕಡೆಗೆ ಪಂಚಮಿಯೆಂದರೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಜೋಕಾಲಿ, ಶೇಂಗಾದ ಉಂಡಿ, ಅಳ್ಳಿಟ್ಟು. ನಮ್ಮ ಅಕ್ಕನನ್ನು ಬಾಗಲಕೋಟೆಯ ಕಡೆಗೆ ಕೊಟ್ಟಿದ್ದಿತು. ಆ ಊರಲ್ಲಿ ಪೆಟ್ಟಿಗೆಯಿರಲಿಲ್ಲ. ನಾನು ವರುಷವಿಡೀ ಅವಳಿಗೆ ಕಾರ್ಡು ಬರೆದು ವರ್ಣಿಸಿದ್ದೆನು. ಅವಳು ಎರಡು ತಿಂಗಳ ಕೂಸನ್ನು ಎತ್ತಿಕೊಂಡು ರವಿವಾರ ಬಂದಳು. ಸಂಜೆ ಅವಳ ಕೈಹಿಡಿದು ಸಾಲೆಗೆ ಕರೆದೊಯ್ದೆನು. ಅವಳಂಥ ಹತ್ತು ಹನ್ನೆರಡು ಹೆಣ್ಣುಮಕ್ಕಳು, ಕೈಗೆ ಹಸಿರು ಬಳೆ ಇಟ್ಟುಕೊಂಡು, ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಹೆಡ್ ಮಾಸ್ತರರು ಬೀಗ ತೆಗೆದು ಗುಂಡಿಯನ್ನು ತಿರುವಿದರು. ಪರದೆಯ ಮೇಲೆ ಸಣ್ಣ ಮಳೆ ಹೊಡೆದಂತೆ ಚುಕ್ಕೆಗಳು. ಸುಂಯ್ ಎಂಬ ಸಪ್ಪಳ. ಅವರು ತಂತಿಗಳನ್ನು ನೋಡಿದರು, ಛತ್ರಿಯನ್ನು ನೋಡಿದರು. ಬಳಿಕ ನೆನಪಾಯಿತೆಂದು ತೋರುತ್ತದೆ; "ನಿನ್ನಿಗೇ ಮುಗೀತವ್ವಾ" ಎಂದರು. ಹೆಣ್ಣುಮಕ್ಕಳು ಇನ್ನಷ್ಟು ಹೊತ್ತು ಕುಳಿತೇ ಇದ್ದರು. ಅಕ್ಕನು, "ಇದs ಏನೋ ನೀ ಬರದದ್ದು?" ಎಂದು ಕೇಳಿದಳು.

ಉಪಗ್ರಹವನ್ನು ಅಮೇರಿಕೆಯವರು ತಮ್ಮ ಕಡೆಗೆ ಸರಿಸಿಕೊಂಡರು. 1979ರಲ್ಲಿ ಅದರ ಕೆಲಸವೂ ನಿಂತಿತು. ಪೆಟ್ಟಿಗೆಯನ್ನು ಕೆಲವು ತಿಂಗಳಿಗೆ ಜೀಪಿನವರು ಒಯ್ದರು. ಛತ್ರಿಯು ಗಾಳಿಮಳೆಗೆ ಸೊಟ್ಟಾಗಿ ಎರಡು ವರುಷ ನಿಂತಿದ್ದು, ಅದರ ಜಾಲರಿಯು ಒಂದೊಂದು ತುಂಡಾಗಿ ಕಡೆಗೆ ನಿಜವಾದ ಕೋಳಿಗೂಡುಗಳಿಗೇ ಸೇರಿತು.

ಮುಂದಿನದನ್ನು ವಾಚಕರು ಬಲ್ಲರು, ವಿಸ್ತರಿಸುವದಿಲ್ಲ. 1977ರಲ್ಲಿ ಗುಲಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರಕೇಂದ್ರವು ಪ್ರಾರಂಭವಾಗಿ ಅಲ್ಲಿಯ ಹಳ್ಳಿಗಳಿಗೆ ದರ್ಶನವು ಮರಳಿ ದೊರೆಯಿತು. ನಮ್ಮ ಕೃಷ್ಣಾತೀರದವರೆಗೆ ಅದರ ತರಂಗಗಳು ಮುಟ್ಟಲಿಲ್ಲ. 1982ರಲ್ಲಿ ದೇಶದ ದೂರದರ್ಶನಕ್ಕೆ ಬಣ್ಣ ಬಂದಿತು. 1983ರಲ್ಲಿ ಹಾರಿಸಿದ ಇನ್‌ಸಾಟ್-1ಬಿ ಉಪಗ್ರಹವು ನಮ್ಮದೇ ಆಗಿದ್ದುದರಿಂದ ಮರಳಿ ಕೊಡಬೇಕಾದ ಭಯವಿರಲಿಲ್ಲ. ನಮ್ಮ ಕಡೆಗೆ ಮನೆಮನೆಯ ಪೆಟ್ಟಿಗೆಗಳು ಮೊದಲು ಕಂಡದ್ದು ಆಲಮಟ್ಟಿಯ ಆಣೆಕಟ್ಟಿನ ವಸತಿಗಳಲ್ಲಿ. ಗಳುಗಳ ತುದಿಗೆ ಕಟ್ಟಿದ ಏರಿಯಲ್ಲುಗಳನ್ನು ರೈಲಿನಿಂದಲೇ ಕಾಣಬಹುದಾಗಿದ್ದಿತು. 1987ನೆಯ ಜನವರಿ 25ರಂದು ರಾಮಾನಂದ ಸಾಗರರ ರಾಮಾಯಣವು ಪ್ರಾರಂಭವಾದಾಗ ನಾನು ಮಾಸ್ತರನಾಗಿದ್ದೆನು. 78 ಕಂತುಗಳನ್ನೂ ನೋಡಿರುವೆನು. ಶಂಕರನಾಗರು ಆಗುಂಬೆಯಲ್ಲಿ ತೆಗೆದ ಮಾಲ್ಗುಡಿ ಡೇಸ್ ಇದಕ್ಕೂ ಮೊದಲೇ ಬಂದಿದ್ದಿತು. ಹಿಂದಿಯಲ್ಲಿದ್ದರೂ ಅದು ನನಗೆ ಹೆಚ್ಚು ಪ್ರಿಯವಾದುದು, ಏಕೆಂದರೆ ಅದರೊಳಗಿನ ಸಾಲೆಯು ಸಾಲೆಯಂತೆಯೇ ಇದ್ದಿತು. ಆದರೆ ಆ ಹೊತ್ತಿಗೆ ನೋಡುವ ರೀತಿಯು ಬೇರೆಯಾಗಿದ್ದಿತು. ಪೆಟ್ಟಿಗೆಯು ಒಬ್ಬರದು, ನೋಡುವವರು ಅವರ ಮನೆಗೆ ಹೋಗತಕ್ಕವರು. ಬಾಗಿಲೊಳಗೆ ಯಾರು, ಕಿಟಕಿಯ ಹೊರಗೆ ಯಾರು ಎಂಬದನ್ನು ಮನೆಯ ಯಜಮಾನನು ನಿರ್ಣಯಿಸುವನು. ಸಾಲೆಯ ಬಯಲಿನ ಗೋಡೆಯನ್ನು ಹುಡುಗರು ಹಾರಬಹುದಾಗಿದ್ದಿತು.

ಊರು ಮುಳುಗಿತು. 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು 519.60 ಮೀಟರಿನವರೆಗೆ ನೀರು ನಿಲ್ಲಿಸಲು ಅನುಮತಿಯನ್ನು ಕೊಟ್ಟಿತು. ಅದಕ್ಕೂ ಮುಂಚೆಯೇ ನಾವು ಬಾಗಿಲು, ತೊಲೆ, ಜಂತಿಗಳನ್ನು ಕಿತ್ತು ಚಕ್ಕಡಿಯ ಮೇಲೆ ಹೇರಿಕೊಂಡು ಪುನರ್ವಸತಿ ಕೇಂದ್ರಕ್ಕೆ ಬಂದಿದ್ದೆವು. 2006ರಲ್ಲಿ ರಾಷ್ಟ್ರಪತಿ ಅಬ್ದುಲ ಕಲಾಮರು ಜಲಾಶಯವನ್ನು ಲೋಕಾರ್ಪಣ ಮಾಡಿದರು. ಅದರ ಹೆಸರು ಲಾಲಬಹಾದ್ದೂರ ಶಾಸ್ತ್ರಿ ಸಾಗರ. ಗುರುಗಳು ಆಗ ಇರಲಿಲ್ಲ. ಇದ್ದಿದ್ದರೆ, ಅವರು ಸಾಗರವನ್ನು ಮೊದಲ ಸಲ ಕಂಡ ಬಯಲಿನ ಮೇಲೆಯೇ ಒಂದು ಸಾಗರವು ನಿಂತದ್ದನ್ನು ಕುರಿತು ಏನು ಹೇಳುತ್ತಿದ್ದರೋ ತಿಳಿಯದು. ಅಮರದ ಪಟ್ಟಿಗೆ ಇನ್ನೊಂದು ಹೆಸರನ್ನು ಸೇರಿಸುತ್ತಿರಲಿಲ್ಲವೆಂಬಷ್ಟು ಮಾತ್ರ ಬಲ್ಲೆನು.

ಕಳೆದ ಬೇಸಿಗೆಯಲ್ಲಿ ನೀರು ಬಹಳ ಹಿಂದಕ್ಕೆ ಸರಿದಾಗ ಜೊತೆಗಾರನೂ ನಾನೂ ಅಲ್ಲಿಗೆ ಹೋಗಿ ಬಂದೆವು. ಒಡೆದ ಕೆಸರಿನ ಮೇಲೆ ನಡೆಯುವದು ನನಗೆ ಕಷ್ಟವಾಯಿತು. ಅವನು ಕೈ ಹಿಡಿದನು. ದೇವಾಲಯದ ಕಲ್ಲುಕಂಬಗಳು ಸುಲಭವಾಗಿ ಗುರುತು ಸಿಕ್ಕವು. ಸಾಲೆಯ ಮಣ್ಣಿನ ಗೋಡೆಗಳು ಕರಗಿ ನೆಲಕ್ಕೆ ಸಮನಾಗಿದ್ದವು. ಸಿಮೆಂಟಿನ ಕಟ್ಟೆಯು ಮಾತ್ರ ಹಾಗೆಯೇ ಇದ್ದಿತು, ಮೇಲೆ ಬಿಳಿಯ ಕಪ್ಪೆಚಿಪ್ಪುಗಳು ಹತ್ತಿಕೊಂಡು. ನಾಲ್ಕು ಮೊಳೆಗಳಲ್ಲಿ ಮೂರು ಉಳಿದಿದ್ದವು. ಅಲ್ಲಿಂದ ಅವನು ಪಡುವಣಕ್ಕೆ ಹೆಜ್ಜೆಗಳನ್ನು ಎಣಿಸುತ್ತ ಹೋದನು. ಹದಿನೆಂಟನೆಯ ಹೆಜ್ಜೆಗೆ ನಿಂತು, ಕೆಸರನ್ನು ಕೋಲಿನಿಂದ ಕೆದರಿ, ಕಲ್ಲಿನ ಸಾಲೊಂದನ್ನು ನನಗೆ ತೋರಿಸಿದನು.